ಗುಡ್ಡವ್ವನ ಮನೆಯ ಜಾವಳ, ಶಿವಗಂಗವ್ವನ ಮನೆಯ ಕುಬಸ

ನಾಗನೂರಿನ ಶಿವಗಂಗವ್ವನಿಗೆ ಯಾವ ಪಕ್ಷದ ಮೇಲೂ ಪ್ರೀತಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳ ರಾಜಕೀಯವೆಲ್ಲ ಮೈದುನನ ಹೆಂಡತಿ ಗುಡ್ಡವ್ವನ ಸುತ್ತಲೇ. ಎರಡು ಮನೆಗಳ ನಡುವೆ ಒಂದೇ ಗೋಡೆ. ಆಚೆ ಗುಡ್ಡವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಈಚೆ ಇವಳ ಕೈಯೂ ಜೋರಾಗುತ್ತಿತ್ತು. ಗುಡ್ಡವ್ವ ಎಮ್ಮೆ ಕೊಂಡಾಗ ಇವಳ ನಿದ್ದೆ ಹಾರಿಹೋಯಿತು. ಗುಡ್ಡವ್ವನಿಗೆ ಮೊಮ್ಮಗ ಹುಟ್ಟಿದಾಗ ಅನ್ನವೂ ಸೇರದಾಯಿತು. ತನ್ನ ಮಗ ಕಾಶಿನಾಥನ ಮದುವೆಯಾಗಿ ನಾಲ್ಕು ವರ್ಷವಾದರೂ ಸೊಸೆ ರಾಯವ್ವನ ಮಡಿಲು ತುಂಬಿರಲಿಲ್ಲ.

ತೊಂಬತ್ತರ ದಶಕದ ಕೊನೆ ಅದು. ದಿಲ್ಲಿಯ ಪಾರ್ಲಿಮೆಂಟಿನಲ್ಲಿ ಪಕ್ಷಗಳು ಚುನಾವಣೆ ಖರ್ಚಿನ ನಿಯಮ ಹಿಡಿದು ಕಿತ್ತಾಡುತ್ತಿದ್ದವು. ಗೆಳೆಯರು ಮಾಡಿದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕೆಂದು ಒಬ್ಬರು, ಕೂಡದೆಂದು ಇನ್ನೊಬ್ಬರು. ಕಾಶಿನಾಥ ಕಟ್ಟೆಯ ಮೇಲೆ ಕೂತು ಪೇಪರ್ ಓದಿ ಹೇಳುತ್ತಿದ್ದ. ಅಷ್ಟರಲ್ಲಿ ಚುನಾವಣೆ ಬಂತು, ಅವರ ಜಗಳ ಮುಗಿಯುವವರೆಗೆ ನಮ್ಮ ಊರಿನ ಪಕ್ಷದವರು ಕಾಯಲಿಲ್ಲ. ಅಭ್ಯರ್ಥಿ ಊಟ ಹಾಕಿಸಿದರೆ ತಾನೇ ಖರ್ಚು? ಯಾರದೋ ಮನೆಯ ಕಾರ್ಯದಲ್ಲಿ ಊರು ಉಂಡರೆ ಯಾವ ಸಾಹೇಬ ಕೇಳುತ್ತಾನೆ? ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ ಸರಕಾರಿ ಜನರ ಕಣ್ಣಿಗೆ ಮಣ್ಣೆರಚಲು ಇಷ್ಟು ಸಾಕಾಗಿತ್ತು.

ಹೀಗೆ ಒಂದು ಪಕ್ಷ ಗುಡ್ಡವ್ವನ ಮೊಮ್ಮಗನ ಜಾವಳ ಮಾಡಿಸಿತು. ಕೂಸಿನ ಹುಟ್ಟುಗೂದಲು ತೆಗೆಯುವುದಕ್ಕೆ ಓಣಿಯುದ್ದ ಪೆಂಡಾಲು, ಮೈಕು, ಹೋಳಿಗೆ, ತುಪ್ಪ. ಗುಡ್ಡವ್ವನ ಬೀಗರು ಟೆಂಪೋದಲ್ಲಿ ಬಂದಿಳಿದರು. ಅಭ್ಯರ್ಥಿಯೇ ಬಂದು ಕೂಸನ್ನು ಎತ್ತಿಕೊಂಡ. ಹೋಗುವಾಗ ಎಲ್ಲರೆದುರು ಬಗ್ಗಿ ಗುಡ್ಡವ್ವನ ಕಾಲು ಮುಟ್ಟಿದ. ಶಿವಗಂಗವ್ವ ಹೋಳಿಗೆ ಮುರಿದವಳು ಬಾಯಿಗಿಡಲಿಲ್ಲ.

ಮರುದಿನ ಬೆಳಿಗ್ಗೆಯೇ ಎದುರು ಪಕ್ಷದ ರಾಜಪ್ಪನ ಮನೆಗೆ ಹೋದಳು.

"ನಮ್ಮ ಮನ್ಯಾಗೂ ಕಾರ್ಯ ಐತಿ, ರಾಜಪ್ಪ."

"ಏನ್ ಕಾರ್ಯರೀ ಕಾಕೂ?"

ಏನೆಂದು ಅವಳು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. "ಸೊಸಿದು ಕುಬಸ."

ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ ಊಟಕ್ಕೆ ಹಾಕುವ ಕಾರ್ಯ. ರಾಯವ್ವ ಬಸುರಿಯಲ್ಲ ಎಂಬುದು ರಾಜಪ್ಪನಿಗೂ ಗೊತ್ತು, ಊರಿಗೂ ಗೊತ್ತು. ರಾಜಪ್ಪನಿಗೆ ಬೇಕಾದದ್ದು ಪೆಂಡಾಲು ಹಾಕಲು ಒಂದು ನೆಪ. ಅವನು ಹೂಂ ಅಂದ. ಶಿವಗಂಗವ್ವ ಅಷ್ಟಕ್ಕೇ ಬಿಡಲಿಲ್ಲ.

"ಆಕಿ ಬೀಗರು ಟೆಂಪೋದಾಗ ಬಂದಿದ್ರು. ನಮ್ಮ ಬೀಗರಿಗೆ ಸೊಸಿ ತವರೂರು ದಡ್ಡಿಗಿ ಜೀಪ ಕಳಸು. ಒಂದರಾಗೂ ನಾ ಕಡಿಮಿ ಆಗಬಾರ್ದು."

ಜೀಪಿನವನು ದಡ್ಡಿಯಲ್ಲಿ ಏನು ಹೇಳಿ ಕರೆದಾನು ಎಂಬ ಯೋಚನೆ ಅವಳ ತಲೆಗೆ ಹೊಳೆಯಲೇ ಇಲ್ಲ. ಮತ್ಸರ ಹೊಕ್ಕ ತಲೆಯಲ್ಲಿ ಬೇರೆಯದಕ್ಕೆ ಜಾಗವೆಲ್ಲಿ?

ರಾಯವ್ವ ಒಂದೇ ಮಾತು ಕೇಳಿದಳು. "ನಾಳೆ ಮಂದಿ ಏನ್ ಅಂದಾರ್ರಿ ಅತ್ತಿ?"

"ಮಂದಿ ಉಂಡು ಮನಿಗಿ ಹೊಕ್ಕಾರ. ನೀ ಒಂದು ತಾಸು ಸುಮ್ನ ಕುಂದ್ರು ಸಾಕು."

ಪೆಂಡಾಲು ಗುಡ್ಡವ್ವನದಕ್ಕಿಂತ ಉದ್ದವಾಗಿತ್ತು. ಶಿವಗಂಗವ್ವ ಬೇಕೆಂದೇ ಗುಡ್ಡವ್ವನನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಅವಳು ಎಲ್ಲವನ್ನೂ ಕಣ್ತುಂಬ ನೋಡಬೇಕಿತ್ತು. ರಾಯವ್ವ ಮಣೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದಳು. ರಾಜಪ್ಪ ಕರೆಸಿದ್ದ ಕ್ಯಾಮೆರಾದವನು ಅವಳ ಮುಖಕ್ಕೆ ದೀಪ ಹಿಡಿದ.

ಆಗ ಜೀಪು ಬಂತು. ರಾಯವ್ವನ ತಾಯಿ ಯಲ್ಲವ್ವ ಬುಟ್ಟಿ ತುಂಬ ಸಿಹಿ ಕರ್ಚಿಕಾಯಿ, ಅದರ ಮೇಲೆ ಹಸಿರು ಸೀರೆ, ಡಜನುಗಟ್ಟಲೆ ಹಸಿರು ಬಳೆ ಹೊತ್ತು ಇಳಿದಳು. ಜನರನ್ನು ಸರಿಸಿಕೊಂಡು ಓಡಿ ಬಂದು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು.

"ನನಗ್ಯಾಕ ಹೇಳಲಿಲ್ಲವ್ವಾ ಇಷ್ಟು ದಿನಾ? ಎಷ್ಟು ದೇವರಿಗಿ ಬೇಡ್ಕೊಂಡಿದ್ದೆ!"

ಹೋಳಿಗೆ ಬಡಿಸುತ್ತಿದ್ದವರ ಕೈಗಳು ನಿಂತವು. ರಾಯವ್ವ ತಾಯಿಯ ಕೈಯನ್ನು ಮೆಲ್ಲಗೆ ಸರಿಸಿದಳು.

"ಏನೂ ಇಲ್ಲ ಯವ್ವಾ. ಇದು ಇಲೆಕ್ಷನ್ ಊಟ."

ಯಲ್ಲವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬುಟ್ಟಿ ಅಲ್ಲೇ ಬಿಟ್ಟು ನೆಲಕ್ಕೆ ಕುಸಿದಳು. ಎದ್ದು ಬಂದವಳು ಗುಡ್ಡವ್ವ. ಬುಟ್ಟಿಯನ್ನು ಕಂಕುಳಿಗೆ ಸೇರಿಸಿ, ತಾಯಿಯನ್ನು ಹಿಡಿದೆಬ್ಬಿಸಿ, "ಬರ್ರಿ ಯಕ್ಕಾ, ಬಾ ರಾಯವ್ವಾ, ನಮ್ಮ ಮನ್ಯಾಗ ರೊಟ್ಟಿ ಅದಾವು" ಎಂದು ಇಬ್ಬರನ್ನೂ ಕರೆದೊಯ್ದಳು.

ಅವರು ಹೋದ ಬೆನ್ನಿಗೇ ರಾಜಪ್ಪನ ಪಕ್ಷದ ಅಭ್ಯರ್ಥಿ ಬಂದ. ಮಣೆ ಖಾಲಿಯಿದ್ದುದನ್ನು ಅವನು ಗಮನಿಸಲೂ ಇಲ್ಲ. ಕ್ಯಾಮೆರಾದ ಕಡೆ ಒಮ್ಮೆ ನೋಡಿ, ಬಗ್ಗಿ ಶಿವಗಂಗವ್ವನ ಎರಡೂ ಕಾಲು ಮುಟ್ಟಿದ. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಗುಡ್ಡವ್ವನ ಎಲೆಯ ಮೇಲೆ ಹೋಳಿಗೆ ಹಾಗೇ ಉಳಿದಿತ್ತು.

ಅವನು ಹೋದ ಮೇಲೆ ಶಿವಗಂಗವ್ವ ಒಳಗೆ ಬಂದು ಗೋಡೆಗೆ ಒರಗಿ ಕುಳಿತಳು. ಆಚೆಯಿಂದ ರಾಯವ್ವನ ಅಳು ಕೇಳುತ್ತಿತ್ತು. "ಸಣ್ಣತ್ತಿ, ಸಣ್ಣತ್ತಿ" ಎಂದು ಗುಡ್ಡವ್ವನನ್ನು ಕರೆಯುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾಲ್ಕು ವರ್ಷದಲ್ಲಿ ಸೊಸೆ ತನ್ನೆದುರು ಒಮ್ಮೆಯೂ ಹಾಗೆ ಅತ್ತಿರಲಿಲ್ಲ. ಅದೂ ಗುಡ್ಡವ್ವನ ಪಾಲಾಯಿತಲ್ಲ ಎಂದು ಶಿವಗಂಗವ್ವನಿಗೆ ಹೊಟ್ಟೆ ಉರಿಯಿತು.