ಡೊರತಿಯನ್ನು ಏನೆಂದು ಕರೆಯುವುದು?

"ಇವರು ಡೊರತಿ. ಡೊರತಿ ಅಂತಲೇ ಕರೆಯಬೇಕು," ಎಂದು ಮೇಲ್ವಿಚಾರಕಿ ಲಿಂಡಾ ನನ್ನನ್ನು ಎಂಬತ್ತು ದಾಟಿದ ಹೆಂಗಸಿನ ಮುಂದೆ ನಿಲ್ಲಿಸಿದರು. ಹೊರಗೆ ಹಿಮ ಬೀಳುತ್ತಿತ್ತು. ನನಗೆ ಬೆವರಿತು.

ಸ್ಕಾಟ್ಲೆಂಡಿನ ಡಂಡೀ ಎಂಬ ಈ ಊರಿಗೆ ನಾನು ಆಹಾರ ವಿಜ್ಞಾನ ಓದಲು ಬಂದಿದ್ದು ಎರಡು ಸಾವಿರದ ನಾಲ್ಕರಲ್ಲಿ. ಹೊರದೇಶದ ವಿದ್ಯಾರ್ಥಿ ವಾರಕ್ಕೆ ಇಷ್ಟೇ ಗಂಟೆ ದುಡಿಯಬಹುದು ಎಂದು ಪಾಸ್‌ಪೋರ್ಟಿನಲ್ಲೇ ಮುದ್ರೆ ಒತ್ತಿದ್ದರು. ಆ ಗಂಟೆಗಳಿಗೆ ಸಿಕ್ಕಿದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯ ಕೆಲಸ. ಇಲ್ಲಿ ಅದಕ್ಕೆ ಕೇರ್ ಹೋಮ್ ಎನ್ನುತ್ತಾರೆ. ಟೀ ಕೊಡುವುದು, ಕಾಲುಚೀಲ ತೊಡಿಸುವುದು, ಮಾತಾಡಿಸುವುದು. ರೂಮಿನ ಬಾಡಿಗೆ ಅದರಿಂದಲೇ ಹುಟ್ಟಬೇಕಿತ್ತು. ಆ ಕೆಲಸ ಹೋದರೆ ಓದು ಬಿಟ್ಟು ಬೆಂಗಳೂರಿಗೆ ವಾಪಸ್.

ಹಲಸೂರಿನಲ್ಲಿ ಬೆಳೆದವಳ ಬಾಯಲ್ಲಿ ಹಿರಿಯರ ಹೆಸರು ಬರುವುದಾದರೂ ಹೇಗೆ? ನಮ್ಮಲ್ಲಿ ತರಕಾರಿಯವರು ಅಕ್ಕ, ಕಂಡಕ್ಟರ್ ಅಣ್ಣ, ಶಿವಾಜಿನಗರದ ಬಟ್ಟೆ ಅಂಗಡಿಯವರು ಭಾಯ್, ಉಳಿದ ಜಗತ್ತೆಲ್ಲ ಅಂಕಲ್, ಆಂಟಿ. ಎದುರುಮನೆಯ ಸೆಲ್ವಿ ಆಂಟಿ ಗಂಡನನ್ನು ಕರೆಯುವುದು 'ಎನ್ನಂಗ' ಎಂದೇ, ತಮಿಳಿನ 'ಏನೂಂದ್ರೆ'. ಆ ಅಂಕಲ್ಲಿಗೂ ಒಂದು ಹೆಸರಿದೆ ಎಂದು ಬೀದಿಗೆ ಗೊತ್ತಾಗಿದ್ದು ಅವರ ಮಗಳ ಮದುವೆ ಕಾರ್ಡ್ ಬಂದಾಗ. ಇಲ್ಲೋ, ನಮ್ಮ ಪ್ರೊಫೆಸರ್ ಕೂಡ ಬರೀ ಪೀಟರ್.

ಮೊದಲು ಆಂಟಿ ಎಂದು ನೋಡಿದೆ. ತನಗಿರುವುದು ತಂಗಿಯ ಮಗಳೊಬ್ಬಳೇ, ಅವಳೂ ಮುನಿಸಿಕೊಂಡು ಕೆನಡಾದಲ್ಲಿ ಕೂತಿದ್ದಾಳೆ ಎಂದರು ಡೊರತಿ. ಗ್ರ್ಯಾನಿ ಎಂದೆ. ಮದುವೆಯನ್ನೇ ಆಗದೆ ಅಂಚೆ ಕಚೇರಿಯಲ್ಲಿ ದುಡಿದ ತನಗೆ ಮೊಮ್ಮಗಳು ಯಾವ ಪಾರ್ಸಲ್ಲಿನಲ್ಲಿ ಬಂದಳು ಎಂದು ಕೇಳಿದರು. ಮೇಡಂ ಎಂದರೆ ಹಿಂದೆ ತಿರುಗಿ ಯಾರನ್ನೋ ಹುಡುಕಿದರು. ಕೊನೆಗೆ ಕೆಮ್ಮುವುದು, ಚಮಚದಿಂದ ಕಪ್ಪು ಬಡಿಯುವುದು, ಗೋಡೆ ನೋಡಿಕೊಂಡು ಹಲೋ ಎನ್ನುವುದು, ಇದರಲ್ಲೇ ಕಾಲ ತಳ್ಳಿದೆ.

ಲಿಂಡಾ ಪಕ್ಕಕ್ಕೆ ಕರೆದರು. ಇಲ್ಲಿ ನೆನಪು ಮಾಸುತ್ತಿರುವವರಿದ್ದಾರೆ, ಹೆಸರು ಹಿಡಿದು ಮಾತಾಡಿಸದಿದ್ದರೆ ಆಗದು, ತಿಂಗಳೊಳಗೆ ಕಲಿಯದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ಹುಡುಕಬೇಕಾಗುತ್ತದೆ ಎಂದರು. ಗೌರವ ಕೊಟ್ಟಿದ್ದಕ್ಕೆ ಕೆಲಸ ಹೋಗುವುದೆಂದರೆ! ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ರೂಮಿನಲ್ಲಿ ಕನ್ನಡಿಯ ಮುಂದೆ ಡೊರತಿ, ಡೊರತಿ ಎಂದು ಜಪ ಮಾಡಿದೆ. ಮಾರನೆಯ ದಿನ ಅವರೆದುರು ನಿಂತಾಗ ಮತ್ತೆ ಕೆಮ್ಮೇ ಬಂತು.

ಒಂದು ಮಧ್ಯಾಹ್ನ ಬೆಂಕಿಯ ಗಂಟೆ ಹೊಡೆಯಿತು. ಬರೀ ಅಭ್ಯಾಸಕ್ಕೆ, ಆದರೂ ಎಲ್ಲರನ್ನೂ ಅಂಗಳಕ್ಕೆ ತರಬೇಕು. ತಂದೆವು, ಡೊರತಿ ಇಲ್ಲ. ಅವರು ನನ್ನ ಜವಾಬ್ದಾರಿ. ಕೋಣೆ, ಬಚ್ಚಲು, ಊಟದ ಮನೆ ಎಲ್ಲ ಹುಡುಕಿದೆ. ಹಲೋ ಎಂದೆ, ರೀ ಎಂದೆ, ಗಾಬರಿಯಲ್ಲಿ ಏನೂಂದ್ರೆ ಎಂದೂ ಕೂಗಿದೆ. ಎಲ್ಲಾದರೂ ಬಿದ್ದಿದ್ದರೆ? ಹಿತ್ತಿಲ ಬಾಗಿಲಿಗೆ ಬಂದವಳೇ ಹಲಸೂರಿನ ಮಾರ್ಕೆಟ್ಟಿಗೇ ಕೇಳಿಸುವ ಹಾಗೆ ಕಿರುಚಿದೆ: "ಡೊರತೀ!"

ಪೊದೆಯ ಹಿಂದಿನ ಬೆಂಚಿನಿಂದ ಸಿಗರೇಟಿನ ಹೊಗೆ ಎದ್ದಿತು.

"ಆಗಿನಿಂದ ಯಾರೋ ಯಾರನ್ನೋ ಕೂಗುತ್ತಿದ್ದರು. ನನ್ನನ್ನಲ್ಲ ಅಂದುಕೊಂಡೆ," ಎಂದರು ಡೊರತಿ. ನಾನು ಅಳುತ್ತಿರುವುದನ್ನು ಕಂಡು ಸಿಗರೇಟು ಆರಿಸಿದರು. "ತಂಗಿ ಸತ್ತ ಮೇಲೆ ನನ್ನನ್ನು ಹೆಸರಿನಿಂದ ಕರೆಯೋದು ಇಲ್ಲಿಯ ಕೆಲಸದವರು ಮಾತ್ರ. ನೀನೂ ಕರೆಯದಿದ್ದರೆ ಹೇಗಮ್ಮ?"

ಕೆಲಸ ಉಳಿಯಿತು. ಆ ಭಾನುವಾರ ಹೊರದೇಶಕ್ಕೆ ಮಾತಾಡುವ ಕಾಲಿಂಗ್ ಕಾರ್ಡಿನ ಗುಟ್ಟಿನ ನಂಬರ್ ಕೆರೆದು ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅಜ್ಜಿ. ಆಕೆ ಅಪ್ಪನಿಗೆ ಅಮ್ಮ, ಅಮ್ಮನಿಗೆ ಅತ್ತೆ, ಬೀದಿಗೆಲ್ಲ ಅಜ್ಜಿ. ಹೆಸರು ಹಿಡಿದು ಕರೆಯುತ್ತಿದ್ದ ತಾತನಾಗಲಿ ಆಕೆಯ ಅಣ್ಣಂದಿರಾಗಲಿ ಈಗ ಇಲ್ಲ. ಇದು ನನಗೆ ಹೊಳೆಯಲು ಡಂಡೀವರೆಗೆ ಬರಬೇಕಾಯಿತು ನೋಡಿ.

"ವೆಂಕಟಲಕ್ಷ್ಮಿಯವರೇ, ಹೇಗಿದೀರಾ?" ಎಂದೆ.

"ಕತ್ತೆ. ಹೆಸರು ಹಿಡ್ದು ಕರೆಯೋದಾ ಅಲ್ಲಿ ಕಲಿಸೋದು?" ಎಂದಳು. ಆಮೇಲೆ ಅಜ್ಜಿಯ ದನಿ ತಗ್ಗಿತು. "ನಮ್ಮಪ್ಪ ಅಷ್ಟುದ್ದ ಕರೀತಿರ್ಲಿಲ್ಲ ಕಣೇ. ಲಚ್ಚೀ ಅಂತಿದ್ರು. ಎಲ್ಲಿ, ಒಂದ್ಸಲ ಹಂಗೆ ಕರಿ."

ಡಂಡೀಯ ಹಿತ್ತಿಲಲ್ಲಿ ಕಿರುಚಿದ ಬಾಯಿಯೇ ಇದು. ಆದರೂ ತಡವರಿಸಿತು.

"ಲಚ್ಚೀ... ಅಜ್ಜೀ," ಎಂದೆ.

"ಅರ್ಧ ಬಂತು ಬಿಡು," ಎಂದಳು.