ಕಾಕಾ ಹೊರಟ ದಿನ ತಲೆಗೆ ಹಾಕಿಕೊಂಡ ನೀರು

ಆಗ ನಮ್ಮ ಓಣಿಗೆಲ್ಲ ಒಂದೇ ಫೋನು, ಅದೂ ಗಿರಣಿ ಬಸಣ್ಣನ ಮನೆಯಲ್ಲಿ. ಒಳ್ಳೆಯ ಸುದ್ದಿ ಕಾಗದದಲ್ಲಿ ಬರುತ್ತಿತ್ತು, ಕೆಟ್ಟದ್ದು ಫೋನಿನಲ್ಲಿ. ನಿಮ್ಮೂರಲ್ಲೂ ಹಾಗೇ ಇದ್ದೀತು. ಮಾಸೂರಿನಲ್ಲಿ ನಾನು ನಾಲ್ಕನೇ ಇಯತ್ತೆಯಲ್ಲಿದ್ದ ಆ ಮಳೆಗಾಲದಲ್ಲಿ ಆ ಫೋನಿಗೆ ಹೆದರಿದಷ್ಟು ಯಾವ ದೆವ್ವಕ್ಕೂ ಹೆದರಿದವಳಲ್ಲ.

ಅಪ್ಪನ ತಮ್ಮ ಈರಣ್ಣ ಕಾಕಾ ಗೋವಾದ ಕ್ಲಬ್ಬೊಂದರಲ್ಲಿ ಪಗಾರಕ್ಕೆ ಫುಟ್‌ಬಾಲ್ ಆಡುತ್ತಿದ್ದ. "ಚೆಂಡ್ ಒದಿಯಾಕೂ ಪಗಾರ ಕೊಡ್ತಾರೇನಪಾ?" ಎಂದು ಊರವರು ನಗುತ್ತಿದ್ದರು. ಆಟದ ಮೇಲೆಯೇ ಅವನಿಗೆ ಮಿಲಿಟರಿ ನೌಕರಿಯೂ ಸಿಕ್ಕಿತು. ಅಲ್ಲಿಯೂ ಚೆಂಡನ್ನೇ ಒದೆಯುತ್ತಿದ್ದ. ಆ ವರ್ಷ ಅವನು ಸೂಟಿ ಪಡೆದು ಊರಿಗೆ ಬಂದಾಗಲೇ ಗಡಿಯಲ್ಲಿ ಯುದ್ಧ ಶುರುವಾಗಿ, ತಿರುಗಿ ಬಾ ಎಂದು ತಂತಿ ಬಂತು.

ಹೊರಡುವ ಮುಂಜಾನೆ ಕೆರೆಯ ಕೆಳಗಿನ ಬಯಲಿಗೆ ನನ್ನನ್ನು ಕರೆದೊಯ್ದು, "ಗಿರಿಜಾ, ಇದನ್ನ ಹಿಡಿ ನೋಡೂಣು," ಎಂದು ಚೆಂಡನ್ನು ಜೋರಾಗಿ ಒದ್ದ. ಹಿಡಿದೆ. ಹಿಡಿದು ಕೆಸರಿನಲ್ಲಿ ಬಿದ್ದೆ. ಕಾಕಾ ಕಟಕರೊಟ್ಟಿಯ ಗಂಟು ಹಿಡಿದು ಬಸ್ಸು ಹತ್ತಿದ ಮೇಲೆ, ಅವ್ವ ಬೈದಾಳೆಂದು ಕಾಲುವೆಗೆ ಓಡಿ ಕೆಸರು ತುಂಬಿದ ತಲೆ ತೊಳೆದುಕೊಂಡೆ.

ಅಜ್ಜಿಯ ಮಾತು ಆಮೇಲೆ ನೆನಪಾಯಿತು. ಮನೆಯವರು ದೂರ ಹೊರಟ ದಿನ ತಲೆಗೆ ನೀರು ಹಾಕಬಾರದು. "ಸತ್ತವ್ರ ಮಣ್ಣಿಗೆ ಹೋಗಿ ಬಂದವ್ರು ಹಂಗ ಹಾಕ್ಕೋತಾರ," ಎನ್ನುತ್ತಿದ್ದಳು. ಅಯ್ಯೋ ಶಿವನೇ, ಕಾಕಾನನ್ನು ನಾನೇ ಕೊಂದೆ ಅನಿಸಿತು.

ಯಾರಿಗೂ ಹೇಳಲಿಲ್ಲ. ಮಾಡಿದ್ದನ್ನು ಅಳಿಸಬೇಕೆಂದು ತಲೆಗೆ ನೀರು ಹಾಕಿಕೊಳ್ಳುವುದನ್ನೇ ಬಿಟ್ಟೆ. ಅವ್ವ ಬಚ್ಚಲಿಗೆ ಎಳೆದರೆ ಚೀರಿ ರಂಪ ಮಾಡುತ್ತಿದ್ದೆ. ಹೇನು ಬಿದ್ದವು, ಬೆನ್ನಿಗೆ ಏಟು ಬಿದ್ದವು. ಶೇಂಗಾ ಹಿಂಡಿ ಹಚ್ಚಿದ ಬಿಸಿ ರೊಟ್ಟಿಯನ್ನೂ ಕದ್ದು ದನಕ್ಕೆ ಹಾಕುತ್ತಿದ್ದೆ. ಕಾಕಾನ ಕಾಗದ ನಿಂತಿದ್ದವು. ಗಿರಣಿಯ ಸದ್ದು ನಿಂತರೆ ಸಾಕು, ಬಸಣ್ಣ ಫೋನೆತ್ತಲು ಹೋದನೆಂದು ಬಾಗಿಲಿಗೆ ಓಡುತ್ತಿದ್ದೆ.

ಪಂಚಮಿಗೆ ಅವ್ವ ಉಂಡಿ ಕಟ್ಟುವಾಗ ಗಿರಣಿ ನಿಂತಿತು. ಬಸಣ್ಣ ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಓಡಿ ಬಂದು ಅಪ್ಪನನ್ನು ಕರೆದೊಯ್ದ. ಅಪ್ಪ ತಿರುಗಿ ಬಂದು ಕಟ್ಟೆಯ ಮೇಲೆ ಕುಂತ.

"ಜೀವಕ್ಕ ಧಕ್ಕಿ ಇಲ್ಲವಾ. ನೆಲದಾಗ ಹುಗದಿಟ್ಟ ಬಾಂಬು ಸಿಡದೈತಂತ. ಮೊಣಕಾಲಿನ ಕೆಳಗ ಬಲಗಾಲು ತಗದಾರ."

ಬಲಗಾಲು! ಚೆಂಡು ಒದೆಯುವ ಕಾಲು. ನಾನು ನೆಲಕ್ಕೆ ಬಿದ್ದು ಎಲ್ಲವನ್ನೂ ಒದರಿಬಿಟ್ಟೆ. ಯಾರೂ ಬೈಯಲಿಲ್ಲ. ಅಜ್ಜಿ ಮಾತ್ರ ಮುಖ ಗೋಡೆಗೆ ತಿರುಗಿಸಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ದೀಪಾವಳಿ ಹೊತ್ತಿಗೆ ಕಾಕಾ ಊರುಗೋಲಿನ ಮೇಲೆ ಬಂದ. ನಾನು ದನದ ಕೊಟ್ಟಿಗೆಯಲ್ಲಿ ಅಡಗಿದೆ. ಅಲ್ಲಿಗೇ ಬಂದ.

"ಹುಚ್ಚಿ, ಬಾಂಬು ಹುಗದಾಂವ ನಿನ್ನ ತಲಿ ನೋಡಿದ್ನೇನ? ನಾ ಒದ್ದ ಕಡೀ ಚೆಂಡು ನೀ ಹಿಡದಿ. ಅಷ್ಟ ನೆನಪಿಟ್ಕೋ."

ನನಗೆ ಸಮಾಧಾನವಾಗಲಿಲ್ಲ. ತಲೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಹದಿನೈದು ದಿನದ ಮೇಲೆ ಕಾಕಾ ಕೃತಕ ಕಾಲು ಹಾಕಿಸಿಕೊಳ್ಳಲು ಪುಣೆಗೆ ಹೊರಟ. ಬಸ್ಸು ಇನ್ನೂ ಊರು ದಾಟಿರಲಿಲ್ಲ, ಅಜ್ಜಿ ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದು ಸೀಗೆಕಾಯಿ ಕಲಸಿದಳು.

"ಬ್ಯಾಡಜ್ಜೀ, ಕಾಕಾ ಈಗ ಹೊಂಟಾನ!"

"ಸುಮ್ನ ಕುಂದ್ರು. ಏನಾರ ಆದ್ರ ನನ್ನ ಮ್ಯಾಲಿರ್ಲಿ."

ಬಿಸಿನೀರು ತಲೆಯ ಮೇಲೆ ಸುರಿಯಿತು. ಪ್ರತಿ ತಂಬಿಗೆಗೂ ಅವಳು ಶಿವನ ಹೆಸರು ಹೇಳುತ್ತಿದ್ದಳು. ಅವಳಿಗೂ ನನ್ನಷ್ಟೇ ಹೆದರಿಕೆಯಿತ್ತು.

ಕಾಕಾ ಹೊಸ ಕಾಲಿನಲ್ಲಿ ನಡೆದೇ ಬಂದ. ಈಗ ಎಲ್ಲರ ಕೈಯಲ್ಲೂ ಫೋನು, ಕೆರೆಯ ಕೆಳಗಿನ ಬಯಲಲ್ಲಿ ಚೆಂಡಿಲ್ಲ. ಮಗಳು ಪರವೂರಿಗೆ ಹೊರಟ ದಿನ ನಾನು ಇವತ್ತಿಗೂ ತಲೆಗೆ ನೀರು ಮುಟ್ಟಿಸುವುದಿಲ್ಲ. ಅವಳು ನಗುತ್ತಾಳೆ, ನಗಲಿ. ನನ್ನ ಮ್ಯಾಲಿರ್ಲಿ ಎನ್ನುವವರು ಈಗ ನಮ್ಮ ಮನೆಯಲ್ಲಿ ಇಲ್ಲ.