ಇಪ್ಪತ್ತೊಂಬತ್ತನೆಯ ಕಾಲು

ಆ ದೊಡ್ಡ ಮನೆಯಲ್ಲಿ ಅವಳನ್ನು ಎಲ್ಲರೂ ಯಾಕಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ, ಬಾಯಿ ತೆರೆದರೆ "ಯಾಕೆ?" ಎನ್ನುತ್ತಿದ್ದುದಕ್ಕೆ ಅಂಟಿಕೊಂಡ ಹೆಸರು. ಹತ್ತೊಂಬತ್ತು ವರ್ಷಗಳಿಂದ ಅವಳಿಗೆ ಅಲ್ಲಿ ಒಂದೇ ಕೆಲಸ. ಹಜಾರದ ಗೋಡೆಗಳ ತುಂಬ ಕೂರಿಸಿದ್ದ, ಚಿನ್ನದ ರೇಕು ಹಚ್ಚಿದ ಕೆತ್ತನೆ ಹಲಗೆಗಳ ಧೂಳು ತೆಗೆಯುವುದು. ಒದ್ದೆ ಬಟ್ಟೆ ಸೋಕಿಸುವಂತಿಲ್ಲ, ಒತ್ತುವಂತಿಲ್ಲ. ಏಣಿ ಹತ್ತಿ, ಉಸಿರು ಬಿಗಿಹಿಡಿದು, ಕೋಳಿ ಪುಕ್ಕದಿಂದ ದೇವತೆಗಳ ಕಿವಿಯ ಹಿಂದೆಲ್ಲ ಸವರಬೇಕು. ರಾಕ್ಷಸನ ಬಾಯೊಳಗೆ ನುಗ್ಗುವ ವೀರ, ಕಡಲಿನಿಂದ ಎದ್ದು ಬರುವ ದೇವಿ, ಏಳು ಕುದುರೆಗಳ ರಥದಲ್ಲಿ ಸೂರ್ಯ: ಇವರ ಮೂಗು, ಮೊಣಕೈಗಳು ಅವಳಿಗೆ ತನ್ನ ನಾದಿನಿಯರ ಮುಖಕ್ಕಿಂತ ಚೆನ್ನಾಗಿ ಗೊತ್ತಿದ್ದವು.

ಒಂದು ಬೆಳಿಗ್ಗೆ ಸೂರ್ಯನ ಹಲಗೆಯ ಕೆಳಸಾಲು ಸವರುತ್ತ ಸುಮ್ಮನೆ ಕುದುರೆಗಳ ಕಾಲು ಎಣಿಸಿದಳು. ಇಪ್ಪತ್ತೊಂಬತ್ತು. ಪುಕ್ಕದ ತುದಿ ಇಟ್ಟು ಮತ್ತೆ ಎಣಿಸಿದಳು. ಒಂದು ಹೆಚ್ಚೇ ಬಂತು.

"ಕೆತ್ತಿದವನು ಲೆಕ್ಕ ತಪ್ಪಿರಬೇಕು, ಬಿಡು," ಎಂದರು ಮನೆಯ ಯಜಮಾನಿ.

"ಸೂರ್ಯನ ಕಾಲ್ಬೆರಳಿಗೆ ಉಗುರು ಸಮೇತ ಕೆತ್ತಿದೋನು ಕುದುರೆ ಕಾಲಲ್ಲಿ ತಪ್ತಾನಾ ಅಮ್ಮಾವ್ರೇ?"

ಮನೆಗೆ ಬಂದು ಗಂಡನಿಗೂ ಹೇಳಿದಳು. ಬೀಗ ರಿಪೇರಿ ಮಾಡುವ ಅವನಿಗೆ ತೂತಿಗೆ ಕೀಲಿ ಕೂತರೆ ಮುಗಿಯಿತು, ಮುಂದಿನ ಗೊಡವೆ ಬೇಕಿರಲಿಲ್ಲ. "ಸೂರ್ಯ ಇವತ್ತೂ ಹುಟ್ಟಿದಾನೆ ತಾನೆ? ಒಂದು ಕಾಲು ಜಾಸ್ತಿ ಇದ್ರೆ ಬೇಗ ಬರ್ತಾನೆ, ಬಿಡು," ಎಂದು ಮಗ್ಗುಲಾದ.

ಅವಳು ಬಿಡಲಿಲ್ಲ. ಆದರೆ ಹಲಗೆ ಗೋಡೆಗೆ ಕಚ್ಚಿಕೊಂಡಿತ್ತು; ಕುದುರೆಗಳ ಹೊಟ್ಟೆಯ ಕೆಳಗೆ ಬರೀ ಕತ್ತಲು.

ಆ ವರ್ಷವೇ ಗೋಡೆಯೊಳಗಿನ ನಲ್ಲಿ ಕೊಳವೆ ಸೋರಿ ರೇಕು ಅಲ್ಲಲ್ಲಿ ಏಳತೊಡಗಿತು. ರೇಕು ಹಚ್ಚುವ ಮೇಸ್ತ್ರಿ ಬಂದ. ಸೂರ್ಯನ ಹಲಗೆ ಕೆಳಗಿಳಿದು ಮೇಜಿನ ಮೇಲೆ ಮಲಗಿತು. ಅವನು ಚೀಲ ಬಿಚ್ಚುವ ಮೊದಲೇ ಯಾಕಮ್ಮ ಎದುರಿಗೆ ನಿಂತಿದ್ದಳು.

"ಮೇಸ್ತ್ರಿ, ಈ ಹೆಚ್ಚಿನ ಕಾಲು ಯಾರದ್ದು?"

ಮೇಸ್ತ್ರಿ ಎಣಿಸಿದ. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದ. "ತಲೆ ನರೆಯೋವರೆಗೂ ಇದೇ ಕೆಲಸ ಮಾಡಿದೀನಿ. ಕಾಲು ಎಣಿಸಿದವರನ್ನ ನೋಡಿದ್ದು ಇದೇ ಮೊದಲು ಕಣಮ್ಮ."

ಹಲಗೆಯನ್ನು ಓರೆಯಾಗಿ ಎತ್ತಿ ಅವನು ಟಾರ್ಚ್ ಬಿಟ್ಟ. ಅವಳು ಬಗ್ಗಿ ನೋಡಿದಳು. ನಾಲ್ಕನೆಯ ಕುದುರೆಯ ಹೊಟ್ಟೆಯಡಿ, ಚಿನ್ನ ಕಾಣದ ಬರೀ ಮರದಲ್ಲಿ, ಒಂದು ಮರಿ. ಕತ್ತೆತ್ತಿ ಹಾಲು ಕುಡಿಯುತ್ತಿತ್ತು. ಮೂರು ಕಾಲು ಒಳಗಿದ್ದವು, ಒಂದು ಮಾತ್ರ ಹೊರಗೆ ಚಾಚಿತ್ತು.

ಯಜಮಾನಿ ಮಂಡಿನೋವು ಮರೆತು ನೆಲಕ್ಕೆ ಕೂತು ನೋಡಿದರು. ಮದುವೆಯಾಗಿ ಬಂದ ದಿನದಿಂದ ಇದರ ಮುಂದೆಯೇ ಓಡಾಡಿದ್ದರು.

"ಓಡೋ ಕುದುರೇಲಿ ಹಾಲು ಕುಡಿಯೋದು ಹ್ಯಾಗೆ? ಅದನ್ನ ಬಚ್ಚಿಟ್ಟಿದ್ದು ಯಾಕೆ?" ಎಂದಳು ಯಾಕಮ್ಮ.

"ಬಚ್ಚಿಟ್ಟಿಲ್ಲ ಅನ್ಸುತ್ತೆ," ಎಂದ ಮೇಸ್ತ್ರಿ. "ಮರಿಗೆ ಹಸಿವಾಗಿತ್ತು, ಅಷ್ಟೇ."

"ಇದಕ್ಕೂ ಚಿನ್ನ ಹಚ್ಚಿ," ಎಂದರು ಯಜಮಾನಿ.

ಮೇಸ್ತ್ರಿಯ ಕೈ ಆ ಸಂದಿಯೊಳಗೆ ಹೋಗಲಿಲ್ಲ. ಯಾಕಮ್ಮನ ಕೈ ಹೋಯಿತು. ಅವನು ಎರಡು ದಿನ ಮರದ ತುಂಡಿನ ಮೇಲೆ ಅವಳಿಗೆ ಕಲಿಸಿದ. ರೇಕು ಉಸಿರು ತಾಗಿದರೂ ಹಾರುವಂಥದ್ದು. ಏಣಿಯ ಮೇಲೆ ಉಸಿರು ಹಿಡಿದು ಅಭ್ಯಾಸವಿದ್ದವಳಿಗೆ ಅದು ಬೇಗ ಒಲಿಯಿತು. ಮರಿಯ ಹಣೆ, ಕಿವಿ, ಕತ್ತು ಮುಗಿಸಿ ಕೈ ಹೊರತೆಗೆದಾಗ ಬೆನ್ನು ಸೆಟೆದುಕೊಂಡಿತ್ತು. ಮುಖದಲ್ಲಿ ಮಾತ್ರ ಹೊಸ ಮದುವಣಗಿತ್ತಿಯ ಕಳೆ.

"ನನ್ನ ಜೊತೆ ಕೆಲಸಕ್ಕೆ ಬರ್ತೀರಾ?" ಎಂದ ಮೇಸ್ತ್ರಿ.

"ಯಾಕೆ?" ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು. ಆಮೇಲೆ ನಕ್ಕು, "ಬರ್ತೀನಿ," ಎಂದಳು. ಅಲ್ಲಿಂದ ವಾರಕ್ಕೆ ಮೂರು ದಿನ ಅವನ ಕೆಲಸದ ಕೋಣೆ, ಉಳಿದ ದಿನ ದೊಡ್ಡ ಮನೆ.

ಹಲಗೆ ಮತ್ತೆ ಗೋಡೆ ಹತ್ತಿತು. ಈಗ ಗೋಡೆಗೆ ತಲೆ ತಾಗಿಸಿ ಅಂಗಾತ ಮಲಗಿದರೆ ಕತ್ತಲಲ್ಲಿ ಮರಿಯ ಮುಖ ಮಿನುಗುತ್ತಿತ್ತು. ಯಜಮಾನಿಯ ಅಪ್ಪಣೆ ಪಡೆದು ಒಂದು ಮಧ್ಯಾಹ್ನ ಗಂಡನನ್ನು ಕರೆತಂದು ಮಲಗಿಸಿದಳು. ಅವನು ಬೆರಳು ಮಡಚುತ್ತ ಕುದುರೆಗಳನ್ನು ಒಂದೊಂದಾಗಿ ಎಣಿಸಿದ.

"ಅಲ್ವೇ," ಎಂದ ಕೊನೆಗೆ, "ಉಳಿದ ಆರರಲ್ಲಿ ಇದರಪ್ಪ ಯಾವುದು?"

ಅವಳು ಏಣಿ ತರಲು ಹೋದಳು.